ಹುಲ್ಲಿನ ಸಾಲಿನ ನಡುವೆ ಸುಬಾಬುಲ್ ಹಾಕಬಹುದಾ? ಹುಲ್ಲು ಸೊರಗುತ್ತಾ?

ಕೆಂಚಿ ಯಜಮಾನ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಮೂರು ಹಸು, ಒಂದು ಕಡಸು, ನಾಲ್ಕು ಮೇಕೆ ಇವೆ. ಅರ್ಧ ಎಕರೆ ನೇಪಿಯರ್ ಇದೆ. ಹುಲ್ಲಿಗೇನೂ ಬರ ಇಲ್ಲ, ಗೋದಲಿ ತುಂಬಾ ಹಾಕುತ್ತೇನೆ. ಆದರೂ ಹಿಂಡಿ ಒಂದು ಬೊಗಸೆ ಕಮ್ಮಿ ಮಾಡಿದರೆ ಸಾಕು, ಎರಡು ದಿನದಲ್ಲಿ ಹಾಲು ಇಳಿಯುತ್ತದೆ. ಹಾಲು ಬರುತ್ತಿರುವುದು ಹುಲ್ಲಿನಿಂದಲೋ ಹಿಂಡಿಯಿಂದಲೋ ಅಂತ ಅನುಮಾನ ಬಂದುಬಿಟ್ಟಿದೆ.

ನಾಲ್ಕು ಸಾಲು ಹುಲ್ಲಿಗೆ ಒಂದು ಸಾಲು ಸುಬಾಬುಲ್, ಅಂದರೆ ಸೊಪ್ಪು ಮೇವಾಗುವ ಮರ, ಹಾಕೋಣ ಅಂತ ಯೋಚನೆ. ಒಬ್ಬರು ಮರದ ನೆರಳಿಗೆ ಹುಲ್ಲು ಸೊರಗುತ್ತದೆ ಅಂದರು. ಇನ್ನೊಬ್ಬರು ಸುಬಾಬುಲ್ ತಿಂದ ದನಕ್ಕೆ ಕೂದಲು ಉದುರುತ್ತದೆ ಅಂದರು. ಮೂರನೆಯವರು ಎರಡೂ ಸುಳ್ಳು ಅಂದರು. ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ.

ಹುಲ್ಲೇ ಸಾಕು:
ಬೇಡ ಸರ್. ಒಂದು ಸಾಲು ಹುಲ್ಲು ಕಿತ್ತು ಮರ ನೆಡೋದು, ಆಮೇಲೆ ಅದಕ್ಕೆ ಏಣಿ ಹಾಕಿ ಹತ್ತೋದು, ಇದೆಲ್ಲ ಯಾಕೆ? ಇರುವ ಹುಲ್ಲನ್ನೇ ನೆಟ್ಟಗೆ ಬೆಳೆಯಿರಿ.

ಬದುವಿನ ಬೇಲಿ:
ಏಣಿ ಯಾರು ಹಾಕುತ್ತಾರೆ? ಮೇವಿನ ಮರ ಅನ್ನೋದು ಹೆಸರಿಗೆ ಮಾತ್ರ. ಬೆಳೆಸೋದು ಗಿಡದ ಹಾಗೆ. ಸೊಂಟದ ಎತ್ತರಕ್ಕೆ, ಅಂದರೆ ಮುಕ್ಕಾಲರಿಂದ ಒಂದು ಮೀಟರ್‌ಗೆ ಕಡಿದು ನಿಲ್ಲಿಸುತ್ತೇವೆ. ಅಲ್ಲಿಂದ ಕವಲು ಕವಲಾಗಿ ಚಿಗುರುತ್ತದೆ. ಎರಡು ತಿಂಗಳಿಗೊಮ್ಮೆ ನಿಂತಲ್ಲೇ ಕುಡುಗೋಲಿನಲ್ಲಿ ಕೊಯ್ಯಬಹುದು. ನೆಲಕ್ಕೆ ಬಗ್ಗಿ ಹುಲ್ಲು ಕೊಯ್ಯೋದಕ್ಕಿಂತ ಸೊಂಟಕ್ಕೆ ಇದೇ ಸುಖ.

ಒಂದೇ ಒಂದು ಮಾತು. ಮೊದಲ ಕೊಯ್ಲಿಗೆ ಅವಸರ ಮಾಡಬೇಡಿ. ಆರೇಳು ತಿಂಗಳಾದರೂ ಬಿಡಿ, ಬೇರು ಇಳಿಯಲಿ. ನಾನು ಮೂರನೇ ತಿಂಗಳಿಗೇ ಆಸೆಬಿದ್ದು ಕೊಯ್ದೆ, ಅರ್ಧಕ್ಕರ್ಧ ಗಿಡ ಮತ್ತೆ ಚಿಗುರಲೇ ಇಲ್ಲ.

ಲೆಕ್ಕದ ಪುಸ್ತಕ:
ಯಜಮಾನರೇ, ಮರದ ಮಾತು ಆಮೇಲೆ. ನೇಪಿಯರ್ ಎಷ್ಟು ದಿನಕ್ಕೊಮ್ಮೆ ಕೊಯ್ಯುತ್ತೀರಿ?

ಕೆಂಚಿ ಯಜಮಾನ:
ನನ್ನ ತಲೆ ಮೇಲೆ ಹೋದಾಗ. ಎಂಬತ್ತು, ತೊಂಬತ್ತು ದಿನ ಆಗಬಹುದು. ಹೊರೆ ದೊಡ್ಡದು ಸಿಗುತ್ತದೆ ಅಲ್ವಾ?

ಲೆಕ್ಕದ ಪುಸ್ತಕ:
ಅಂದುಕೊಂಡೆ. ಹೊರೆ ದೊಡ್ಡದು, ಒಳಗೆ ಕಡ್ಡಿ. ಗೋದಲಿಯ ತಳದಲ್ಲಿ ದಿನಾ ದಂಟು ಉಳಿಯುತ್ತಿರಬೇಕು, ಹೌದೋ ಅಲ್ಲವೋ?

ಲೆಕ್ಕ ನೋಡಿ. ಹಸುವಿಗೆ ದಿನಕ್ಕೆ 35 ಕಿಲೋ ಹಸಿ ಹುಲ್ಲು ಹಾಕಿದಿರಿ ಅಂತಿಟ್ಟುಕೊಳ್ಳಿ. ಅದರಲ್ಲಿ ನೀರೇ ಜಾಸ್ತಿ, ಒಣ ತೂಕ ಸುಮಾರು 7 ಕಿಲೋ. ಬಲಿತ ಹುಲ್ಲಲ್ಲಿ ಪ್ರೋಟೀನು 6 ಪರ್ಸೆಂಟ್ ಇದ್ದರೆ 420 ಗ್ರಾಂ. ಅದು ಹಸು ತನ್ನ ಮೈ ನಿಭಾಯಿಸೋದಕ್ಕೇ ಹೋಗುತ್ತದೆ. ಹಾಲಿಗೆ ಲೀಟರಿಗೆ ಸುಮಾರು 80-90 ಗ್ರಾಂ ಬೇರೆ ಬೇಕು. ಅದು ನಿಮ್ಮ ಹಿಂಡಿಯಿಂದಲೇ ಬರುತ್ತಿದೆ. ಅದಕ್ಕೇ ಬೊಗಸೆ ಕಮ್ಮಿ ಮಾಡಿದರೆ ಹಾಲು ಇಳಿಯೋದು. ನಿಮ್ಮ ಅನುಮಾನ ಸರಿಯಾಗಿಯೇ ಇದೆ.

ಅದೇ ಹುಲ್ಲನ್ನು 45 ದಿನಕ್ಕೆ ಕೊಯ್ದರೆ ಪ್ರೋಟೀನು 9ರ ಹತ್ತಿರ ಸಿಗುತ್ತದೆ. 7 ಕಿಲೋಗೆ 630 ಗ್ರಾಂ. ಒಂದು ಗಿಡವೂ ನೆಡದೆ 200 ಗ್ರಾಂ ಬಂತು.

ಹುಲ್ಲೇ ಸಾಕು:
ಅದನ್ನೇ ನಾನು ಹೇಳಿದ್ದು! ಹೆಸರೇ ನೋಡಿ ನನ್ನದು.

ಲೆಕ್ಕದ ಪುಸ್ತಕ:
ನಿಲ್ಲಿ ಸ್ವಾಮಿ, ನನ್ನ ಲೆಕ್ಕ ಮುಗಿದಿಲ್ಲ. ಸುಬಾಬುಲ್ ಹಸಿ ಸೊಪ್ಪು 5 ಕಿಲೋ ಹಾಕಿದರೆ ಒಣ ತೂಕ ಒಂದೂವರೆ ಕಿಲೋ. ಪ್ರೋಟೀನು 22 ಪರ್ಸೆಂಟ್ ಹಿಡಿದರೆ 330 ಗ್ರಾಂ. ಮುಕ್ಕಾಲು ಕಿಲೋ ಕಡಲೆಕಾಯಿ ಹಿಂಡಿಯಲ್ಲಿ ಇರುವಷ್ಟು. ಎಷ್ಟು ಚೆನ್ನಾಗಿ ಕೊಯ್ದರೂ ಹುಲ್ಲಿನಿಂದ ಅಷ್ಟು ಬರಲ್ಲ. ಮರ ಬರೋದು ಹುಲ್ಲಿನ ಜಾಗಕ್ಕಲ್ಲ, ಹಿಂಡಿಯ ಜಾಗಕ್ಕೆ.

ಗೋದಲಿ:
ಬೇಸಿಗೆಯ ಮಾತು ಯಾರೂ ಎತ್ತಲೇ ಇಲ್ಲ. ನೀರು ಹಾಯಿಸದಿದ್ದರೆ ಹುಲ್ಲು ಒಂದೇ ತಿಂಗಳಿಗೆ ಕೈ ಎತ್ತುತ್ತದೆ. ಸುಬಾಬುಲ್ ಬೇರು ಆಳಕ್ಕೆ ಹೋಗಿರುತ್ತದೆ, ಸುತ್ತ ಎಲ್ಲ ಹಳದಿಯಾದಾಗಲೂ ಅದೊಂದು ಹಸಿರು. ಬರೀ ಒಣಹುಲ್ಲು ಹಾಕುವ ದಿನಗಳಲ್ಲಿ ಅದರ ಜೊತೆ ಎರಡು ಹಿಡಿ ಸೊಪ್ಪು ಹಾಕಿ ನೋಡಿ. ದನ ಒಣಹುಲ್ಲನ್ನೇ ಜಾಸ್ತಿ ತಿನ್ನುತ್ತದೆ. ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೆ ಸಾರಜನಕ ಸಿಕ್ಕರೆ ತಾನೇ ನಾರು ಒಡೆಯೋಕಾಗೋದು?

ಕುದುರೆ ಬಾಲ:
ಕೂದಲು ಉದುರೋದು ಸುಳ್ಳು ಅಂದವರು ನನ್ನ ಕುದುರೆ ನೋಡಬೇಕಿತ್ತು. ಹಸುವಿಗೆ ಅಂತ ತಂದ ಸುಬಾಬುಲ್ ಸೊಪ್ಪಿನ ಹೊರೆಯನ್ನು ಲಾಯದ ಪಕ್ಕ ಒಟ್ಟುತ್ತಿದ್ದೆ. ಕುದುರೆ ಕತ್ತು ಚಾಚಿ ತಿನ್ನುತ್ತಿತ್ತು. ತಿನ್ನಲಿ ಬಿಡು ಅಂತ ನಾನೂ ಸುಮ್ನಿದ್ದೆ. ಒಂದು ದಿನ ಬಾಲ ಬಾಚುತ್ತಿದ್ದಾಗ ಕೂದಲು ಗೊಂಚಲು ಗೊಂಚಲಾಗಿ ಕೈಗೆ ಬಂತು. ಎಳೆಯಲೂ ಇಲ್ಲ, ಹಾಗೇ ಬಂತು. ಆಮೇಲೆ ಕೇಸರವೂ ಹೋಯಿತು. ಸೊಪ್ಪು ನಿಲ್ಲಿಸಿದ ಮೇಲೆ ಮತ್ತೆ ಬೆಳೆಯಿತು ಅನ್ನಿ, ಆದರೆ ಅಷ್ಟು ದಿನ ಬೋಳು ಬಾಲ ಇಟ್ಟುಕೊಂಡು ನೊಣ ಓಡಿಸೋಕಾಗದೆ ಅದು ಪಟ್ಟ ಪಾಡು ಬೇಡ.

ಹೋತದ ಗಡ್ಡ:
ಅಣ್ಣಾ, ಕುದುರೆ ಬೇರೆ, ಹಸು ಬೇರೆ. ನಮ್ಮ ಮೇಕೆಗಳು ನಾಲ್ಕು ವರ್ಷದಿಂದ ತಿನ್ನುತ್ತಿವೆ. ಒಂದು ಕೂದಲೂ ಅಲುಗಿಲ್ಲ.

ನಿವೃತ್ತ ಪಶುವೈದ್ಯೆ:
ಇಬ್ಬರೂ ಹೇಳಿದ್ದು ನಿಜ. ಸುಬಾಬುಲ್‌ನಲ್ಲಿ ಮೈಮೋಸಿನ್ ಅನ್ನುವ ವಿಷವಸ್ತು ಇದೆ. ಚಿಗುರಲ್ಲಿ, ಬೀಜದಲ್ಲಿ ಜಾಸ್ತಿ. ಕುದುರೆ, ಕತ್ತೆ, ಮೊಲ, ಹಂದಿ ಇವು ಮೆಲುಕು ಹಾಕುವ ಪ್ರಾಣಿಗಳಲ್ಲ, ಇವುಗಳಿಗೆ ತಡೆಯಲ್ಲ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಮೈಮೋಸಿನ್ ಒಡೆದು ಡಿಎಚ್‌ಪಿ ಅನ್ನುವ ಇನ್ನೊಂದು ವಸ್ತು ಆಗುತ್ತದೆ. ಅದೂ ಒಳ್ಳೆಯದಲ್ಲ, ಥೈರಾಯ್ಡ್ ಗ್ರಂಥಿಯನ್ನು ಕೆಡಿಸುತ್ತದೆ. ಕುತ್ತಿಗೆ ಊದುತ್ತದೆ, ಜೊಲ್ಲು ಸುರಿಯುತ್ತದೆ, ಮೈ ಇಳಿಯುತ್ತದೆ, ಕರು ಸಣ್ಣದಾಗಿ ಹುಟ್ಟುತ್ತದೆ.

ಇದರ ಹಿಂದೆ ಒಂದು ಒಳ್ಳೆ ಕಥೆ ಇದೆ. ಆಸ್ಟ್ರೇಲಿಯಾದಲ್ಲಿ ಸುಬಾಬುಲ್ ಮೇಯ್ದ ದನಗಳಿಗೆ ಈ ತೊಂದರೆಯೆಲ್ಲ ಕಾಣುತ್ತಿತ್ತು. ಹವಾಯಿಯ ಮೇಕೆಗಳು ಅದನ್ನೇ ತಿಂದು ಆರಾಮಾಗಿದ್ದವು. ರೇಮಂಡ್ ಜೋನ್ಸ್ ಅನ್ನುವ ವಿಜ್ಞಾನಿಗೆ ಅನುಮಾನ ಬಂತು, ವ್ಯತ್ಯಾಸ ಮೇಕೆಯಲ್ಲಿಲ್ಲ, ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಯಲ್ಲಿದೆ ಅಂತ. 1980ರ ದಶಕದ ಆರಂಭದಲ್ಲಿ ಆ ಹೊಟ್ಟೆಯ ರಸವನ್ನು ಆಸ್ಟ್ರೇಲಿಯಾಕ್ಕೆ ತಂದು ಅಲ್ಲಿನ ಪ್ರಾಣಿಗಳಿಗೆ ಕುಡಿಸಿದರು, ಅವೂ ತಡೆದುಕೊಂಡವು. ಆ ಬ್ಯಾಕ್ಟೀರಿಯಾಕ್ಕೆ 1992ರಲ್ಲಿ ಸಿನರ್ಜಿಸ್ಟಿಸ್ ಜೋನ್ಸಿಐ ಅಂತ ಅವರ ಹೆಸರನ್ನೇ ಇಟ್ಟರು. ಒಂದೇ ಹಿಂಡಿನಲ್ಲಿ ಇದು ಒಂದರಿಂದ ಇನ್ನೊಂದಕ್ಕೆ ತಾನಾಗಿಯೇ ಹರಡುತ್ತದೆ.

ನಿಮ್ಮ ದನದ ಹೊಟ್ಟೆಯಲ್ಲಿ ಅದು ಇದೆಯೋ ಇಲ್ಲವೋ ಹೊರಗಿನಿಂದ ಹೇಳೋಕಾಗಲ್ಲ. ಅದಕ್ಕೇ ಒಟ್ಟು ಮೇವಿನ ಒಣ ತೂಕದಲ್ಲಿ ಮೂರನೇ ಒಂದು ಭಾಗ ದಾಟಿಸಬೇಡಿ. ಗಬ್ಬದ ಹಸುವಿಗೆ ಇನ್ನೂ ಕಮ್ಮಿ. ದಿನಕ್ಕೆ ಒಂದು ಕಿಲೋ ಹಸಿ ಸೊಪ್ಪಿನಿಂದ ಶುರು ಮಾಡಿ, ಎರಡು ಮೂರು ವಾರ ತೆಗೆದುಕೊಂಡು ಏರಿಸಿ.

ಸೊಪ್ಪಿನ ಹೊರೆ:
ಒಣಗಿಸಿ ಹಾಕಿದರೆ ವಿಷ ಪೂರ್ತಿ ಹೋಗುತ್ತದೆ ಡಾಕ್ಟ್ರೇ, ನಾವು ಹಾಗೇ ಮಾಡೋದು.

ನಿವೃತ್ತ ಪಶುವೈದ್ಯೆ:
ಪೂರ್ತಿ ಹೋಗಲ್ಲ. ಬಾಡಿಸಿದಾಗ, ಒಣಗಿಸಿದಾಗ ಮೈಮೋಸಿನ್ ಸ್ವಲ್ಪ ಕಮ್ಮಿಯಾಗುತ್ತದೆ. ಆದರೆ ಅದರಲ್ಲಿ ಒಂದಷ್ಟು ಡಿಎಚ್‌ಪಿ ಆಗಿ ಕೂತಿರುತ್ತದೆ. ಒಣಗಿಸಿದ್ದೇವೆ ಅಂತ ಬುಟ್ಟಿಗಟ್ಟಲೆ ಹಾಕಬೇಡಿ.

ಎರಡೇ ಆಡು:
ನಾನು ಒಣಗಿಸಿದೆ. ಎಲೆಯೆಲ್ಲ ಉದುರಿ ಗಾಳಿಗೆ ಹೋಯಿತು. ಆಡಿಗೆ ಕಡ್ಡಿ ಉಳಿಯಿತು.

ಸೊಪ್ಪಿನ ಹೊರೆ:
ಟಾರ್ಪಾಲು ಹಾಸಿ ಅದರ ಮೇಲೆ ಒಣಗಿಸಬೇಕಪ್ಪಾ! ನೆರಳಲ್ಲಿ ಒಣಗಿಸಿ, ಕೊನೆಗೆ ಕೊಂಬೆ ಕೊಡವಿದರೆ ಎಲೆ ಟಾರ್ಪಾಲಲ್ಲಿ ಉಳಿಯುತ್ತದೆ. ಗೋಣಿಯಲ್ಲಿ ತುಂಬಿಡಿ.

ಕೆಂಚಿ ಯಜಮಾನ:
ಓದುತ್ತಾ ಹೋದ ಹಾಗೆ ಭಯ ಜಾಸ್ತಿಯಾಗುತ್ತಿದೆ. ಸುಬಾಬುಲ್ ಬಿಟ್ಟು ಬೇರೆ ಏನಿದೆ?

ಬದುವಿನ ಬೇಲಿ:
ಗ್ಲಿರಿಸಿಡಿಯಾ. ಬೀಜದ ರಗಳೆಯೇ ಇಲ್ಲ. ಹೆಬ್ಬೆರಳಿಗಿಂತ ದಪ್ಪದ, ಆಳುದ್ದದ ಬಲಿತ ಗೂಟ ಕಡಿದು ನೆಟ್ಟರೆ ಬೇಲಿಯೂ ಆಯಿತು, ಮೇವೂ ಆಯಿತು.

ಹುಲ್ಲೇ ಸಾಕು:
ನನ್ನ ಎಮ್ಮೆ ಅದನ್ನು ಮೂಸಿ ಮುಖ ತಿರುಗಿಸಿತು. ಮೂರು ದಿನ ಹಾಕಿದೆ, ಮೂರು ದಿನವೂ ಗೊಬ್ಬರದ ಗುಂಡಿಗೆ ಹೋಯಿತು. ಗೊಬ್ಬರದ ಗಿಡ ಅಂತ ಸುಮ್ನೆ ಕರೆಯಲ್ಲ ಅದನ್ನ.

ಬದುವಿನ ಬೇಲಿ:
ನಮ್ಮ ಹಸುವೂ ಹಾಗೇ ಮಾಡಿತು. ಆ ಎಲೆಗೆ ಒಂದು ಘಾಟು ವಾಸನೆ ಇದೆ, ಕೈಗೆ ಹತ್ತಿದರೆ ತೊಳೆದರೂ ಹೋಗಲ್ಲ. ನಾನು ಮಾಡಿದ್ದು ಇಷ್ಟು. ಬೆಳಿಗ್ಗೆ ಕೊಯ್ದು ನೆರಳಲ್ಲಿ ಹರವಿದೆ. ಮರುದಿನ ಎಲೆ ಬಾಡಿ ಜೋತುಬಿದ್ದಿತ್ತು, ಘಾಟು ಇಳಿದಿತ್ತು. ಒಂದು ಹಿಡಿ ತೆಗೆದು ಸಣ್ಣಗೆ ಕತ್ತರಿಸಿ, ಬೂಸಾ ಕಲಸುವ ಬಕೆಟ್ಟಿನಲ್ಲಿ ಬೂಸಾದ ಕೆಳಗೆ ಮುಚ್ಚಿಟ್ಟು, ಮೇಲೆ ಚಿಟಿಕೆ ಉಪ್ಪುನೀರು ಚಿಮುಕಿಸಿದೆ. ಹಸು ಬೂಸಾ ನೆಕ್ಕುತ್ತಾ ಎಲೆಗೆ ಬಂತು, ನಿಂತಿತು, ನನ್ನ ಮುಖ ನೋಡಿತು, ಮತ್ತೆ ನೆಕ್ಕಿತು. ನಾಲ್ಕನೇ ದಿನಕ್ಕೆ ಎರಡು ಹಿಡಿ. ಎರಡು ವಾರಕ್ಕೆ ಬೂಸಾ ಇಲ್ಲದೆಯೇ ಬಾಯಿ ಹಾಕಿತು. ಒಂದು ಕಲಿತರೆ ಉಳಿದವು ಅದನ್ನು ನೋಡಿ ಕಲಿಯುತ್ತವೆ. ಮೂರು ದಿನ ಸಾಲಲ್ಲ ಸರ್.

ನಿವೃತ್ತ ಪಶುವೈದ್ಯೆ:
ಕುದುರೆ ಬಾಲ ಅವರೇ, ನೀವು ಇದನ್ನೂ ಲಾಯದ ಹತ್ತಿರ ಇಡಬೇಡಿ. ಗ್ಲಿರಿಸಿಡಿಯಾ ಅನ್ನುವ ಹೆಸರಿನ ಅರ್ಥವೇ ಇಲಿ ಕೊಲ್ಲುವುದು ಅಂತ. ಅದರ ತೊಗಟೆ, ಬೀಜವನ್ನು ಇಲಿ ಪಾಷಾಣಕ್ಕೆ ಬಳಸುತ್ತಿದ್ದರು. ದನ ಮೇಕೆಗಳಿಗೆ ಮಿತವಾಗಿ ಹಾಕಿದರೆ ತೊಂದರೆ ಇಲ್ಲ.

ಕುದುರೆ ಬಾಲ:
ನಾನು ಈಗ ಲಾಯದ ಹತ್ತಿರ ಪೊರಕೆ ಇಡೋದಕ್ಕೂ ಯೋಚನೆ ಮಾಡುತ್ತೇನೆ ಮೇಡಂ.

ಹೋತದ ಗಡ್ಡ:
ಮೇಕೆಗೆ ಅಗಸೆ ಸೊಪ್ಪಿನ ಮುಂದೆ ಯಾವುದೂ ಇಲ್ಲ. ಎಣ್ಣೆ ಅಗಸೆ ಅಲ್ಲ, ಮರದ ಅಗಸೆ, ವೀಳ್ಯದೆಲೆ ಬಳ್ಳಿ ಹಬ್ಬಿಸೋದು. ಒಗರಿಲ್ಲ, ಮೆತ್ತಗೆ. ಆದರೆ ಅದನ್ನು ಸುಬಾಬುಲ್ ಥರ ಮೋಟು ಮಾಡಿದರೆ ಸತ್ತುಹೋಗುತ್ತದೆ. ತುದಿ ಬಿಟ್ಟು ಪಕ್ಕದ ರೆಂಬೆ ಮಾತ್ರ ಕೊಯ್ಯಬೇಕು. ಆಯಸ್ಸೂ ಕಮ್ಮಿ, ನಾಲ್ಕೈದು ವರ್ಷಕ್ಕೆ ಮತ್ತೆ ನೆಡಬೇಕು. ನುಗ್ಗೆಯೂ ಆಗುತ್ತದೆ, ಹಿಪ್ಪುನೇರಳೆಯೂ ಆಗುತ್ತದೆ. ಹಲಸಿನ ಸೊಪ್ಪನ್ನಂತೂ ಹೇಳೋದೇ ಬೇಡ, ಮೇಕೆ ಕಟ್ಟಿದ ಹಗ್ಗ ಕಿತ್ತುಕೊಂಡು ಬರುತ್ತದೆ.

ಎರಡೇ ಆಡು:
ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ. ಯಾವುದಾದರೇನು?

ಹೋತದ ಗಡ್ಡ:
ಗಾದೆ ಮಾಡಿದವರು ಆಡು ಸಾಕಿದವರಲ್ಲ ಅನ್ನಿಸುತ್ತದೆ. ಮುಟ್ಟೋದು ಎಲ್ಲವನ್ನೂ ಮುಟ್ಟುತ್ತದೆ, ತಿನ್ನೋದು ಆರಿಸಿಯೇ. ನೆಲಕ್ಕೆ ಬಿದ್ದು ತುಳಿದ ಸೊಪ್ಪನ್ನು ಮೂಸಲ್ಲ. ಕಟ್ಟು ಕಟ್ಟಿ ಎದೆಯೆತ್ತರಕ್ಕೆ ತೂಗುಹಾಕಿ, ಖಾಲಿ ದಂಟು ಮಾತ್ರ ಉಳಿಯುತ್ತದೆ.

ನಿವೃತ್ತ ಪಶುವೈದ್ಯೆ:
ಯಾವುದಾದರೇನು ಅನ್ನಬೇಡಿ. ಲಂಟಾನ ತಿಂದು ಲಿವರ್ ಕೆಟ್ಟು, ಬಿಸಿಲಿಗೆ ಮೈ ಚರ್ಮ ಸುಲಿದ ದನಗಳನ್ನು ನೋಡಿದ್ದೇನೆ. ಬೇಲಿಯಿಂದ ಸೊಪ್ಪು ತರುವಾಗ ಅದರಲ್ಲಿ ಏನೇನು ಸೇರಿದೆ ಅಂತ ಬಿಡಿಸಿ ನೋಡಿ.

ಗೋದಲಿ:
ಮೇಕೆ ಅಂದಾಗ ನೆನಪಾಯಿತು. ಯಜಮಾನರೇ, ನಿಮಗೆ ನಾಲ್ಕು ಮೇಕೆ ಇವೆ. ಮರ ನೆಡುವ ಮೊದಲು ಬೇಲಿ ಹಾಕಿ. ನನ್ನ ಒಂದು ವರ್ಷದ 60 ಸುಬಾಬುಲ್ ಗಿಡ ಒಂದು ಮಧ್ಯಾಹ್ನದಲ್ಲಿ ಹೋದವು. ಎಲೆ ತಿಂದಿದ್ದರೆ ಮತ್ತೆ ಬರುತ್ತಿತ್ತು. ಇವು ಮುಂಗಾಲೆತ್ತಿ ನಿಂತು ತೊಗಟೆಯನ್ನು ಸುತ್ತಲೂ ಉಂಗುರದ ಹಾಗೆ ಸುಲಿದಿದ್ದವು. ಸಂಜೆ ಹೋಗಿ ನೋಡಿದರೆ ಬಿಳೀ ಕಾಂಡಗಳು ಸಾಲಾಗಿ ನಿಂತಿವೆ. ಮೇಲೆ ಎಲೆ ಇನ್ನೂ ಹಸಿರೇ ಇತ್ತು, ವಾರದಲ್ಲಿ ಒಣಗಿತು.

ಬೀಜಗಣಿತ:
ಬೀಜದ ಬಗ್ಗೆ ಹೇಳಿ. ಸುಬಾಬುಲ್ ಬೀಜ ಹಾಕಿ ಒಂದೂವರೆ ತಿಂಗಳಾಯಿತು, ನೂರಕ್ಕೆ ಎಂಟು ಹುಟ್ಟಿವೆ. ಕುದಿಯುವ ನೀರಲ್ಲಿ ಹಾಕಿ ಅಂದರು. ಹಾಕಿ, ಒಲೆಯ ಮೇಲೆ ಹತ್ತು ನಿಮಿಷ ಕುದಿಸಿದೆ.

ಲೆಕ್ಕದ ಪುಸ್ತಕ:
ಹತ್ತು ನಿಮಿಷ ಒಲೆ ಮೇಲೆಯಾ? ಎಂಟು ಹುಟ್ಟಿದ್ದೇ ದೊಡ್ಡದು.

ಬದುವಿನ ಬೇಲಿ:
ನಗಬೇಡಿ ಸರ್, ಪಾಪ. ಬೀಜದ ಸಿಪ್ಪೆ ಗಾಜಿನ ಥರ ಗಟ್ಟಿ, ನೀರು ಒಳಗೆ ಹೋಗಲ್ಲ. ಅದಕ್ಕೆ ಬಿಸಿನೀರು. ನೀರು ಕುದಿಸಿ, ಒಲೆಯಿಂದ ಇಳಿಸಿ, ಸ್ವಲ್ಪ ಆರಲಿ. 80 ಡಿಗ್ರಿ ಸಾಕು. ಬೀಜ ಹಾಕಿ ಮೂರ್ನಾಲ್ಕು ನಿಮಿಷ ಬಿಟ್ಟು ಆ ನೀರು ಚೆಲ್ಲಿ, ತಣ್ಣೀರಲ್ಲಿ ಒಂದು ರಾತ್ರಿ ನೆನೆಸಿ. ಬೆಳಿಗ್ಗೆ ಉಬ್ಬಿದ್ದನ್ನು ಹಾಕಿ, ಉಬ್ಬದೇ ಇರುವುದಕ್ಕೆ ಇನ್ನೊಂದು ಸಲ ಅದೇ ಉಪಚಾರ.

ಹೊಸ ಜಾಗವಾದರೆ ಬೀಜಕ್ಕೆ ರೈಜೋಬಿಯಂ, ಅಂದರೆ ಬೇರಲ್ಲಿ ಗಂಟು ಕಟ್ಟುವ ಬ್ಯಾಕ್ಟೀರಿಯಾ, ಹಚ್ಚಿ. ನಾಲ್ಕು ತಿಂಗಳಾದ ಮೇಲೆ ಒಂದು ಗಿಡ ಮೆಲ್ಲಗೆ ಅಗೆದು ಬೇರು ನೋಡಿ. ಸಾಸಿವೆ, ಜೋಳದ ಗಾತ್ರದ ಗಂಟು ಇರುತ್ತವೆ. ಉಗುರಲ್ಲಿ ಒಡೆದರೆ ಒಳಗೆ ಗುಲಾಬಿ ಬಣ್ಣ ಇರಬೇಕು. ಆಗ ಗಾಳಿಯ ಸಾರಜನಕ ಹಿಡಿಯುತ್ತಿದೆ ಅಂತ ಲೆಕ್ಕ. ಬಿಳಿ, ಹಸಿರು ಕಂಡರೆ ಸುಮ್ನೆ ಕೂತಿದೆ.

ಮಣ್ಣಿನ ಮಗ್ಗಲು:
ಮಣ್ಣು ಹುಳಿಯಾಗಿದ್ದರೆ ಇಷ್ಟೆಲ್ಲ ಮಾಡಿಯೂ ಸುಬಾಬುಲ್ ಮೊಣಕಾಲೆತ್ತರಕ್ಕೇ ನಿಲ್ಲುತ್ತದೆ. ನನ್ನದು ಹಾಗೇ ಆಯಿತು. ಅಂಥ ಕಡೆ ಗ್ಲಿರಿಸಿಡಿಯಾ, ಕ್ಯಾಲಿಯಾಂಡ್ರಾ ವಾಸಿ. ನೀರು ನಿಲ್ಲುವ ಜಾಗದಲ್ಲಂತೂ ಸುಬಾಬುಲ್ ಬೇಡವೇ ಬೇಡ.

ಇನ್ನೊಂದು ವಿಷಯ. 1980ರ ದಶಕದಲ್ಲಿ ಸುಬಾಬುಲನ್ನು ಪವಾಡದ ಮರ ಅಂತ ಎಲ್ಲ ಕಡೆ ನೆಟ್ಟರು. ಆಮೇಲೆ ಚಿಗುರಿನ ರಸ ಹೀರುವ ಸಿಲಿಡ್ ಕೀಟ ಬಂತು. 1984ರಲ್ಲಿ ಹವಾಯಿಯಲ್ಲಿ ಕಂಡದ್ದು ಕೆಲವೇ ವರ್ಷದಲ್ಲಿ ಏಷ್ಯಾ ಪೂರ್ತಿ ಹರಡಿತು, ಚಿಗುರೆಲ್ಲ ಮುರುಟಿಹೋಯಿತು. ಎಲ್ಲ ಸಾಲಿಗೂ ಒಂದೇ ಜಾತಿ ನೆಡೋದು ಅದಕ್ಕೇ ನನಗೆ ಇಷ್ಟವಿಲ್ಲ.

ಹುಲ್ಲೇ ಸಾಕು:
ಕಳೆ ಆಗೋದನ್ನೂ ಹೇಳಿ. ಪ್ರಪಂಚದ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸುಬಾಬುಲ್ ಹೆಸರಿದೆ. ನಮ್ಮ ಹಿತ್ತಲಿನ ಒಂದು ಮರದಿಂದ ಹುಟ್ಟಿದ್ದನ್ನು ಕಿತ್ತು ಕಿತ್ತು ನನ್ನ ಕೈ ಬೊಬ್ಬೆ ಬಂದಿದೆ.

ಬದುವಿನ ಬೇಲಿ:
ಇದು ಒಪ್ಪಿದೆ. ಕಾಯಿ ಬಲಿಯೋಕೆ ಬಿಟ್ಟವರ ಕಥೆ ಅದು. ಎರಡು ತಿಂಗಳಿಗೊಮ್ಮೆ ತಪ್ಪದೆ ಕೊಯ್ಯುವವರ ಗಿಡದಲ್ಲಿ ಕಾಯಿ ಬಲಿಯೋಕೆ ಪುರುಸೊತ್ತೇ ಇರಲ್ಲ. ಕೊಯ್ಯೋಕೆ ಆಗಲ್ಲ ಅನ್ನುವವರು ನೆಡಲೇಬಾರದು.

ಸೊಪ್ಪಿನ ಹೊರೆ:
ಕ್ಯಾಲಿಯಾಂಡ್ರಾ ಅಂದರಲ್ಲ, ಅದರ ಎಲೆ ಅಗಿದು ನೋಡಿದ್ದೀರಾ? ನಾನು ನೋಡಿದೆ. ಬಾಯೆಲ್ಲ ಒಗರು, ನಾಲಿಗೆ ಅಂಟಿಕೊಂಡಿತು.

ನಿವೃತ್ತ ಪಶುವೈದ್ಯೆ:
ಅದು ಟ್ಯಾನಿನ್. ಜಾಸ್ತಿಯಾದರೆ ಪ್ರೋಟೀನನ್ನು ಕಟ್ಟಿಹಾಕಿ ದಕ್ಕದಂತೆ ಮಾಡುತ್ತದೆ. ಸ್ವಲ್ಪ ಇದ್ದರೆ ಒಳ್ಳೆಯದೇ, ದನ ಕುದುರೆಮೆಂತೆ (ಲೂಸರ್ನ್ ಮೇವು) ತಿಂದಾಗ ಬರುವ ಹೊಟ್ಟೆ ಉಬ್ಬರ ಇಂಥ ಸೊಪ್ಪಿನಿಂದ ಬರಲ್ಲ. ನೀವು ಎಲೆ ಅಗಿದು ನೋಡುವ ಕೆಲಸ ಮಾತ್ರ ಎಲ್ಲ ಗಿಡಕ್ಕೂ ಮಾಡಬೇಡಿ.

ಬೀಜಗಣಿತ:
ವಿಷಯ ಬಿಟ್ಟು ಒಂದು ಪ್ರಶ್ನೆ. ಮೇವು ಕತ್ತರಿಸುವ ಯಂತ್ರಕ್ಕೆ ಸುಬಾಬುಲ್ ಕಡ್ಡಿ ಹಾಕಿದರೆ ಬ್ಲೇಡು ಹಾಳಾಗುತ್ತಾ?

ಎರಡೇ ಆಡು:
ನೀವು ಬೀಜವನ್ನೇ ಬೇಯಿಸಿಬಿಟ್ಟಿದ್ದೀರಿ. ಕಡ್ಡಿ ಎಲ್ಲಿಂದ ಬರುತ್ತೆ?

ಗೋದಲಿ:
😄 ಪೆನ್ಸಿಲ್ ದಪ್ಪದವರೆಗೆ ಹಾಕಿ, ಏನಾಗಲ್ಲ. ದಪ್ಪದ್ದು ಒಲೆಗೆ.

ಕೆಂಚಿ ಯಜಮಾನ:
ನೆರಳಿನ ಪ್ರಶ್ನೆ ಹಾಗೇ ಉಳಿಯಿತು. ಮತ್ತೆ ಎಷ್ಟು ಗಿಡ ಬೇಕು?

ಲೆಕ್ಕದ ಪುಸ್ತಕ:
ಕೀನ್ಯಾದ ಹಾಲಿನ ರೈತರಿಗೆ ಕ್ಯಾಲಿಯಾಂಡ್ರಾ ಬೇಲಿ ಹಾಕಿಸುವಾಗ ಒಂದು ಹಸುವಿಗೆ ವರ್ಷವಿಡೀ ಸುಮಾರು 500 ಗಿಡ ಅಂತ ಲೆಕ್ಕ ಹಿಡಿದಿದ್ದರು. ದಿನಕ್ಕೆ ಒಣ ತೂಕ 2 ಕಿಲೋ, ಅಂದರೆ ಹಸಿ ಸೊಪ್ಪು ಸುಮಾರು 6 ಕಿಲೋ.

ಈಗ ನಿಮ್ಮ ಅರ್ಧ ಎಕರೆ. ಚೌಕ ಅಂದುಕೊಂಡರೆ ಒಂದು ಬದಿ 45 ಮೀಟರ್, ಸುತ್ತಳತೆ 180 ಮೀಟರ್. ಬದುವಿನ ಮೇಲೆ ಅರ್ಧ ಮೀಟರ್‌ಗೊಂದರಂತೆ ಎರಡು ಸಾಲು ಹಾಕಿದರೆ 720 ಗಿಡ. ಹುಲ್ಲಿನ ಒಂದು ಸಾಲನ್ನೂ ಕೀಳದೆ ಒಂದೂವರೆ ಹಸುವಿನ ಸೊಪ್ಪು ಬಂತು. ಮೂರಕ್ಕೆ ಹಂಚಿದರೂ ತಲೆಗೆ 3 ಕಿಲೋ ಸಿಗುತ್ತದೆ. ಹಿಂಡಿ ಪೂರ್ತಿ ನಿಲ್ಲಲ್ಲ, ಆದರೆ ಆ ಬೊಗಸೆ ಉಳಿಯುತ್ತದೆ. ಸೊಪ್ಪಿನಿಂದ ಪ್ರೋಟೀನು ಬರುತ್ತದೆ, ಶಕ್ತಿ ಅಷ್ಟಾಗಿ ಬರಲ್ಲ. ಹಾಗಾಗಿ ಬೂಸಾ ನಿಲ್ಲಿಸಬೇಡಿ.

ಬದುವಿನ ಬೇಲಿ:
ನೆರಳಿಗೆ ಹೇಳುತ್ತೇನೆ. ಗಿಡ ಒಂದು ಮೀಟರ್ ಇದ್ದಾಗ ಎಂಥ ನೆರಳು? ಎರಡು ಕೊಯ್ಲು ತಪ್ಪಿಸಿದರೆ ಮೂರು ಮೀಟರ್ ಆಗುತ್ತದೆ, ಆಗ ಪಕ್ಕದ ಎರಡು ಸಾಲು ನೇಪಿಯರ್ ಬಿಳಿಚಿಕೊಳ್ಳುತ್ತದೆ. ನೇಪಿಯರ್‌ಗೆ ಬಿಸಿಲು ಬೇಕು. ಬದುವಿನ ಪಕ್ಕದ ಸಾಲಿಗೆ ಗಿನಿ ಹುಲ್ಲು ಹಾಕಿ, ಅದು ಅರೆನೆರಳನ್ನು ತಡೆಯುತ್ತದೆ. ಪಕ್ಕದ ಜಮೀನಿನವರನ್ನು ಒಂದು ಮಾತು ಕೇಳಿ ನೆಡಿ, ಆಮೇಲೆ ಅವರ ಬೆಳೆಗೆ ನೆರಳು ಬಿತ್ತು ಅಂತ ಜಗಳ ಬೇಡ.

ಹುಲ್ಲೇ ಸಾಕು:
ಬದುವಿನ ಮೇಲಾದರೆ ನನ್ನ ತಕರಾರಿಲ್ಲ. ಸಾಲಿನ ನಡುವೆ ಬೇಡ ಅಂದಿದ್ದಷ್ಟೇ.

ಬದುವಿನ ಬೇಲಿ:
ನೀವು ಅಂದಿದ್ದು "ಏಣಿ ಹಾಕಿ ಹತ್ತೋದು" ಅಂತ. ಮೇಲೆ ಹೋಗಿ ಓದಿ.

ಕೆಂಚಿ ಯಜಮಾನ:
ಜಗಳ ಬೇಡ ಇಬ್ಬರೂ 🙏 ಮೊದಲು ನೇಪಿಯರನ್ನು ಆರು ಪಾತಿ ಮಾಡಿ, ವಾರಕ್ಕೊಂದು ಪಾತಿ ಕೊಯ್ಯುತ್ತೇನೆ. ಆರು ವಾರಕ್ಕೆ ಒಂದು ಸುತ್ತು. ಎರಡು ಬದುವಿಗೆ ಸುಬಾಬುಲ್, ಎರಡಕ್ಕೆ ಗ್ಲಿರಿಸಿಡಿಯಾ ಗೂಟ. ಮೇಕೆಗೆ ಕೊಟ್ಟಿಗೆ ಹಿಂದೆ ಹತ್ತು ಅಗಸೆ.

ಕೆಂಚಿ ಯಜಮಾನ:
ಏಳು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ. ಗೋದಲಿಯಲ್ಲಿ ದಂಟು ಉಳಿಯೋದು ನಿಂತಿದೆ. ಹಿಂಡಿ ಒಂದು ಬೊಗಸೆ ಕಮ್ಮಿ ಮಾಡಿದೆ, ಹಾಲು ಇಳಿದಿಲ್ಲ. ಇನ್ನೂ ಒಂದು ಎಲೆ ಸೊಪ್ಪೂ ಹಾಕಿಲ್ಲ.

ಸುಬಾಬುಲ್ ಬೀಜ 80 ಡಿಗ್ರಿ ನೀರಿಗೆ ಹಾಕಿ, ಮೊದಲ ಸಲ 40 ಚೀಲದಲ್ಲಿ ಊರಿದೆ. 31 ಹುಟ್ಟಿದವು. ನಿನ್ನೆ ಕೊಟ್ಟಿಗೆ ಪಕ್ಕ ಇಟ್ಟು ನೀರು ತರೋಕೆ ಹೋಗಿದ್ದೆ. ನಮ್ಮ ಹಸು ಕೆಂಚಿ ಹಗ್ಗ ಜಗ್ಗಿ ಕತ್ತು ಚಾಚಿದ್ದಾಳೆ. ಈಗ 19 ಇವೆ.

ಕುದುರೆ ಬಾಲ:
ರುಚಿ ಹಿಡಿಸಿದೆ ಅಂತಾಯ್ತಲ್ಲ. ಬೂಸಾ ಬಕೆಟ್ಟಿನ ಕೆಲಸ ಉಳಿಯಿತು.